ಸುಂಕದ ಕಟ್ಟೆಯ ದಿಡ್ಡಿಬಾಗಿಲು: ಪ್ರಯಾಣಿಕನ ಪೆಟ್ಟಿಗೆಯ ಚರಿತ್ರೆ

1. ಪೀಠಿಕೆ

ಸುಂಕದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ವ್ಯಾಪಾರದ ಸರಕಿನ ಮೇಲೆ ದೃಷ್ಟಿಯಿಟ್ಟು ಬರೆದಿದ್ದಾರೆ. ಹಡಗು ತುಂಬಿ ಬಂದ ಬಟ್ಟೆ, ಕಬ್ಬಿಣ, ಸಕ್ಕರೆಗಳ ಮೇಲೆ ಯಾವ ಕಾಲದಲ್ಲಿ ಎಷ್ಟು ತೆರಿಗೆ ಬಿದ್ದಿತು, ಅದರಿಂದ ಬೊಕ್ಕಸಕ್ಕೆ ಬಂದುದೆಷ್ಟು, ನಾಡಿನ ಕೈಗಾರಿಕೆಗಳಿಗೆ ಆದ ಲಾಭನಷ್ಟಗಳೇನು ಎಂಬುವು ಅವರ ಪ್ರಶ್ನೆಗಳು. ಅದೇ ಹಡಗಿನಿಂದ ಇಳಿದ ಮನುಷ್ಯನ ಕೈಪೆಟ್ಟಿಗೆಯಲ್ಲಿ ಏನಿದ್ದಿತು, ಅದನ್ನು ಬಿಚ್ಚಿ ನೋಡಿದ ಅಧಿಕಾರಿ ಯಾವುದನ್ನು ಬಿಟ್ಟನು, ಯಾವುದನ್ನು ತಡೆದನು, ಯಾವ ಕಾರಣದಿಂದ ತಡೆದನು ಎಂಬ ವಿಚಾರ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಸೆಳೆದಾಗಲೂ ಅದು ಕಳ್ಳಸಾಗಣೆಯ ಚರಿತ್ರೆಯ ಒಂದು ಅಡಿಟಿಪ್ಪಣಿಯಾಗಿ ಮಾತ್ರ ಕಾಣಿಸಿಕೊಂಡಿದೆ.

ಈ ಲೇಖನಕ್ಕೆ ಪ್ರೇರಣೆಯಾದುದು ಒಂದು ಅಲ್ಪ ಪ್ರಸಂಗ. ಕೆಲವು ವರ್ಷಗಳ ಹಿಂದೆ ಒಂದು ವಿಚಾರಗೋಷ್ಠಿಗಾಗಿ ವಿದೇಶಕ್ಕೆ ಹೋಗಿ ಬರುವಾಗ ಈ ಲೇಖಕನ ಚೀಲದಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಕ್ಯಾಮೆರಾ ಮತ್ತು ಸಂದರ್ಶನಗಳನ್ನು ದಾಖಲಿಸಿಕೊಳ್ಳುವ ಒಂದು ಧ್ವನಿಮುದ್ರಣ ಯಂತ್ರ ಇದ್ದುವು. ಮೂರನ್ನೂ ನಮ್ಮೂರಿನ ಅಂಗಡಿಗಳಲ್ಲಿಯೇ ಕೊಂಡುದಾಗಿದ್ದಿತು. ಹಿಂದಿರುಗಿದಾಗ ವಿಮಾನನಿಲ್ದಾಣದ ಸುಂಕದ ಮೇಜಿನ ಬಳಿ ಅಧಿಕಾರಿಯೊಬ್ಬರು ಸೌಜನ್ಯದಿಂದಲೇ, ‘ಈ ಕ್ಯಾಮೆರಾ ಎಲ್ಲಿ ಕೊಂಡದ್ದು? ಬಿಲ್ಲು ಇದೆಯೇ?’ ಎಂದು ಕೇಳಿದರು. ಮೂರು ವರ್ಷದ ಹಿಂದಿನ ಬಿಲ್ಲನ್ನು ಯಾರು ಜೋಪಾನ ಮಾಡಿರುತ್ತಾರೆ? ಸ್ವಲ್ಪ ಹೊತ್ತು ಮಾತುಕತೆಯಾಗಿ, ಸವೆದ ಪಟ್ಟಿಯನ್ನೂ ಗೀರುಬಿದ್ದ ಮೈಯನ್ನೂ ನೋಡಿ ಅವರು ಬಿಟ್ಟುಕೊಟ್ಟರು. ಆದರೆ ಅವರು ಕೇಳಿದ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದು ಆ ಅಧಿಕಾರಿಯ ಪ್ರಶ್ನೆಯಲ್ಲ. ಬಹುಕಾಲದಿಂದ ರಾಜ್ಯವು ಗಡಿಯಲ್ಲಿ ನಿಂತು ಕೇಳುತ್ತಿರುವ ಪ್ರಶ್ನೆ. ‘ಇದು ನಿನ್ನ ವಸ್ತುವೋ, ಸರಕೋ?’ ಎಂಬುದೇ ಅದರ ಸಾರ.

ಈ ಪ್ರಶ್ನೆಗೆ ರಾಜ್ಯವು ಬೇರೆ ಬೇರೆ ಕಾಲಗಳಲ್ಲಿ ಮುಖ್ಯವಾಗಿ ಮೂರು ಅಳತೆಗೋಲುಗಳಿಂದ ಉತ್ತರ ಕಂಡುಕೊಂಡಿತು. ಮೊದಲನೆಯದು ಬಳಕೆ, ಎರಡನೆಯದು ಪಟ್ಟಿ, ಮೂರನೆಯದು ಬೆಲೆ. ರೇಡಿಯೋದಿಂದ ಮೊದಲುಗೊಂಡು ಮೊಬೈಲಿನವರೆಗೆ ವಿದ್ಯುನ್ಮಾನ ಉಪಕರಣಗಳು ಈ ಮೂರು ಅಳತೆಗೋಲುಗಳನ್ನೂ ಒಂದಾದ ಮೇಲೊಂದರಂತೆ ಪರೀಕ್ಷೆಗೆ ಒಡ್ಡಿದುವು. ಅದು ಹೇಗೆಂಬುದನ್ನು ಭಾರತದ ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

2. ಪ್ರಾಚೀನ ಆಧಾರಗಳು

ಸ್ವಂತದ ವಸ್ತುವಿಗೂ ಸರಕಿಗೂ ಭೇದವನ್ನೆಣಿಸುವುದು ಆಧುನಿಕ ಕಾಲದ ಕಲ್ಪನೆಯೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ಅಲ್ಲಿ ವಿವಾಹಕ್ಕಾಗಿ ಒಯ್ಯುವ ವಸ್ತುಗಳು, ವಧುವಿನೊಡನೆ ಗಂಡನ ಮನೆಗೆ ಹೋಗುವ ವಸ್ತುಗಳು, ಕಾಣಿಕೆ, ಯಜ್ಞ, ಹೆರಿಗೆ, ದೇವತಾಪೂಜೆ, ಚೌಲ, ಉಪನಯನ ಮೊದಲಾದವುಗಳಿಗಾಗಿ ಸಾಗಿಸುವ ಸಾಮಗ್ರಿ ಇವೆಲ್ಲಕ್ಕೂ ಶುಲ್ಕದಿಂದ ವಿನಾಯಿತಿಯನ್ನು ವಿಧಿಸಲಾಗಿದೆ. ಇದರ ಬೆನ್ನಿಗೇ, ಸುಳ್ಳು ಹೇಳಿ ಈ ವಿನಾಯಿತಿಯನ್ನು ಪಡೆಯುವವನಿಗೆ ಕಳ್ಳತನಕ್ಕೆ ವಿಧಿಸುವ ದಂಡವೇ ಆಗಬೇಕೆಂದೂ ಹೇಳಿದೆ. ವಿನಾಯಿತಿ ಮತ್ತು ಸಂಶಯ ಇವೆರಡೂ ಒಂದೇ ಪ್ರಕರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದನ್ನು ವಿದ್ಯಾರ್ಥಿಗಳು ಲಕ್ಷಿಸಬೇಕು. ಈ ಗ್ರಂಥವನ್ನು 1909ರಲ್ಲಿ ಮೈಸೂರಿನಿಂದ ಮೊತ್ತಮೊದಲು ಪ್ರಕಟಿಸಿದ ಕೀರ್ತಿ ಪಂಡಿತ ಆರ್. ಶಾಮಶಾಸ್ತ್ರಿಗಳದು ಎಂಬುದು ಸರ್ವವಿದಿತ.

ಕನ್ನಡ ನಾಡಿನ ಶಾಸನಗಳಲ್ಲಿಯೂ ಸುಂಕಕ್ಕೆ ಸಂಬಂಧಿಸಿದ ಶಬ್ದಸಂಪತ್ತು ಸಮೃದ್ಧವಾಗಿದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಹನ್ನೆರಡನೆಯ ಶತಮಾನದ ಶರಣರೊಬ್ಬರ ಹೆಸರೇ ಸುಂಕದ ಬಂಕಣ್ಣ. ಸುಂಕದ ಕಾಯಕವು ಜನಜೀವನದಲ್ಲಿ ಎಷ್ಟು ಬೆರೆತಿದ್ದಿತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಬೆಂಗಳೂರಿನ ಪಶ್ಚಿಮ ಭಾಗದ ಸುಂಕದಕಟ್ಟೆ ಎಂಬ ಬಡಾವಣೆಯ ಹೆಸರಿನಲ್ಲಿಯೂ ಆ ಶಬ್ದ ಇಂದಿಗೂ ಉಳಿದಿದೆ. ಆ ಕಾಲದಲ್ಲಿ ಸುಂಕವು ಪ್ರಧಾನವಾಗಿ ಹೇರನ್ನು ನೋಡಿ ಹಾಕುವಂಥದಾಗಿದ್ದಿತು. ಹೇರು ಎಂದರೆ ಎತ್ತೋ ಕತ್ತೆಯೋ ಹೊತ್ತ ಹೊರೆ. ಸರಕು ಗಾತ್ರದಲ್ಲಿ ದೊಡ್ಡದಾಗಿರುವವರೆಗೆ ಈ ವಿಧಾನದಲ್ಲಿ ತೊಡಕಿಲ್ಲ. ಗಾತ್ರ ಕಿರಿದಾಗಿ ಬೆಲೆ ಹಿರಿದಾದಾಗ ಮಾತ್ರ ತೊಡಕು ಮೊದಲಾಗುತ್ತದೆ. ಪ್ರಾಚೀನ ಕಾಲದಲ್ಲಿ ಚಿನ್ನ ಮತ್ತು ರತ್ನಗಳು ಅಂಥ ವಸ್ತುಗಳು. ಇಪ್ಪತ್ತನೆಯ ಶತಮಾನದಲ್ಲಿ ಆ ಸಾಲಿಗೆ ಕೈಗಡಿಯಾರವೂ ರೇಡಿಯೋವೂ ಸೇರಿದುವು.

3. ಬಳಕೆಯ ಅಳತೆಗೋಲು: 1878ರಿಂದ 1962ರವರೆಗೆ

ಆಧುನಿಕ ಭಾರತದ ಸುಂಕದ ಕಾನೂನಿಗೆ ತಳಹದಿ 1878ರ ಸಮುದ್ರ ಸುಂಕ ಅಧಿನಿಯಮ. ಪ್ರಯಾಣಿಕರ ಸಾಮಾನನ್ನು ಹಡಗಿನಿಂದ ಇಳಿಸುವುದಕ್ಕೂ ಸುಂಕದ ಮನೆಯ ಮೂಲಕ ಹಾಯಿಸುವುದಕ್ಕೂ ಪ್ರತ್ಯೇಕವಾದ ನಿಯಮಗಳನ್ನು ಮಾಡುವ ಅಧಿಕಾರವನ್ನು ಈ ಅಧಿನಿಯಮವು ನೀಡಿತು. ವರ್ತಕನು ತನ್ನ ಸರಕಿಗೆ ಲಿಖಿತ ಪತ್ರವನ್ನು ಸಲ್ಲಿಸಬೇಕು. ಪ್ರಯಾಣಿಕನ ಪೆಟ್ಟಿಗೆಗೆ ಬೇರೆಯದೇ ದಾರಿ. ಸುಂಕದ ಕೋಟೆಗೆ ಒಂದು ಹೆಬ್ಬಾಗಿಲೂ ಅದರ ಪಕ್ಕದಲ್ಲಿ ಒಂದು ದಿಡ್ಡಿಬಾಗಿಲೂ ಏರ್ಪಟ್ಟುವೆಂದು ಇದನ್ನು ಹೇಳಬಹುದು.

ಸ್ವಾತಂತ್ರ್ಯಾನಂತರ 1878ರ ಅಧಿನಿಯಮವನ್ನೂ 1924ರ ಭೂಸುಂಕ ಅಧಿನಿಯಮವನ್ನೂ ರದ್ದುಗೊಳಿಸಿ ಅವುಗಳ ಸ್ಥಾನದಲ್ಲಿ 1962ರ ಸುಂಕ ಅಧಿನಿಯಮವನ್ನು ರಚಿಸಲಾಯಿತು. ಅದು 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಇದರ 77ರಿಂದ 81ರವರೆಗಿನ ಪ್ರಕರಣಗಳು ಪ್ರಯಾಣಿಕನ ಸಾಮಾನಿಗೆ ಮೀಸಲಾದುವು. ಸಾಮಾನಿನ ಒಡೆಯನು ಅದರಲ್ಲಿರುವ ವಸ್ತುಗಳನ್ನು ಅಧಿಕಾರಿಯ ಮುಂದೆ ಘೋಷಿಸಬೇಕೆಂದು 77ನೆಯ ಪ್ರಕರಣ ವಿಧಿಸುತ್ತದೆ. 79ನೆಯ ಪ್ರಕರಣದಲ್ಲಿ ವಿನಾಯಿತಿಗೆ ಎರಡು ದಾರಿಗಳಿವೆ. ನಿಯಮಗಳು ಗೊತ್ತುಪಡಿಸಿದ ಕನಿಷ್ಠ ಅವಧಿಯವರೆಗೆ ಪ್ರಯಾಣಿಕನ ಬಳಕೆಯಲ್ಲಿದ್ದ ವಸ್ತುವೆಂದು ಅಧಿಕಾರಿಗೆ ಮನವರಿಕೆಯಾದರೆ ಅದನ್ನು ಸುಂಕವಿಲ್ಲದೆ ಬಿಡಬಹುದು. ಅಥವಾ ಪ್ರಯಾಣಿಕನ ಮತ್ತು ಅವನ ಕುಟುಂಬದ ಉಪಯೋಗಕ್ಕಾಗಿ ತಂದ ವಸ್ತು, ಇಲ್ಲವೆ ನಿಜವಾದ ಉಡುಗೊರೆ, ಗೊತ್ತಾದ ಬೆಲೆಯ ಮಿತಿಯೊಳಗಿದ್ದರೆ ಬಿಡಬಹುದು. 80ನೆಯ ಪ್ರಕರಣವು ಇನ್ನೊಂದು ಸೌಕರ್ಯವನ್ನು ಕಲ್ಪಿಸಿದೆ. ನಿಜವಾದ ಘೋಷಣೆ ಮಾಡಿದ ಪ್ರಯಾಣಿಕನು ಸುಂಕ ಕೊಡಲು ಇಷ್ಟಪಡದಿದ್ದರೆ ವಸ್ತುವನ್ನು ಅಧಿಕಾರಿಯ ವಶದಲ್ಲಿಟ್ಟು, ದೇಶವನ್ನು ಬಿಡುವಾಗ ಹಿಂದಕ್ಕೆ ಪಡೆಯಬಹುದು.

ಬಳಕೆಯೆಂಬ ಅಳತೆಗೋಲು ಬಟ್ಟೆಬರೆ, ಹಾಸಿಗೆ, ಪಾತ್ರೆಗಳ ವಿಷಯದಲ್ಲಿ ಸಮರ್ಪಕವಾದುದು. ಉಟ್ಟ ಬಟ್ಟೆ ಯಾವುದು, ಹೊಸ ಬಟ್ಟೆ ಯಾವುದು ಎಂದು ಯಾರಾದರೂ ಹೇಳಬಲ್ಲರು. ಆದರೆ ಒಂದು ಟ್ರಾನ್ಸಿಸ್ಟರ್ ರೇಡಿಯೋವನ್ನು ಒಂದು ತಿಂಗಳು ಬಳಸಿದರೂ ಅದು ಹೊಸದರಂತೆಯೇ ಇರುತ್ತದೆ. ಹೊಸದನ್ನು ಡಬ್ಬಿಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡರೆ ಹಳೆಯದರಂತೆ ತೋರುತ್ತದೆ. ಹೀಗಾಗಿ ಯಂತ್ರೋಪಕರಣಗಳ ವಿಷಯದಲ್ಲಿ ‘ಬಳಕೆ’ಯು ಕಣ್ಣಿಗೆ ಕಾಣುವ ಗುಣವಾಗಿ ಉಳಿಯದೆ ಮಾತಿನಿಂದ ಸಾಧಿಸಬೇಕಾದ ವಿಷಯವಾಯಿತು.

4. ಪಟ್ಟಿಯ ಅಳತೆಗೋಲು: 1954ರ ಒಪ್ಪಂದ

ಎರಡನೆಯ ಮಹಾಯುದ್ಧದ ತರುವಾಯ ವಿದೇಶ ಪ್ರವಾಸವು ಹಿಂದೆಂದೂ ಇಲ್ಲದಷ್ಟು ಬೆಳೆಯತೊಡಗಿತು. ಅದೇ ಸಮಯದಲ್ಲಿ ವಿಜ್ಞಾನವು ಉಪಕರಣಗಳನ್ನು ಕುಗ್ಗಿಸತೊಡಗಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರಿನ ಆವಿಷ್ಕಾರವಾಯಿತು. 1954ರಲ್ಲಿ ಅಮೆರಿಕದಲ್ಲಿ ಅದನ್ನು ಅಳವಡಿಸಿದ ಜೇಬುಗಾತ್ರದ ರೇಡಿಯೋ ಮಾರಾಟಕ್ಕೆ ಬಂದಿತು. ಮರುವರ್ಷ ಜಪಾನಿನಲ್ಲಿ, ಮುಂದೆ ಸೋನಿ ಎಂದು ಪ್ರಸಿದ್ಧವಾದ ಸಂಸ್ಥೆಯೂ ಅಂಥ ರೇಡಿಯೋವನ್ನು ಹೊರತಂದಿತು. ಅದುವರೆಗೆ ಮೇಜಿನ ಮೇಲೆ ಕುಳಿತಿರುತ್ತಿದ್ದ ರೇಡಿಯೋ ಮನುಷ್ಯನೊಡನೆ ನಡೆದಾಡತೊಡಗಿತು.

ಈ ಹಿನ್ನೆಲೆಯಲ್ಲಿ 1954ರ ಜೂನ್ 4ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಪ್ರವಾಸಿಗಳ ಸುಂಕಸೌಕರ್ಯಗಳನ್ನು ಕುರಿತ ಒಪ್ಪಂದವು ಸಿದ್ಧವಾಯಿತು. 1957ರಲ್ಲಿ ಜಾರಿಗೆ ಬಂದಿತು. ಪ್ರವಾಸಿಯು ತಾತ್ಕಾಲಿಕವಾಗಿ ಸುಂಕವಿಲ್ಲದೆ ತರಬಹುದಾದ ವಸ್ತುಗಳನ್ನು ಈ ಒಪ್ಪಂದವು ಹೆಸರಿಸಿ ಎಣಿಸಿತು. ಒಂದು ಕ್ಯಾಮೆರಾ ಮತ್ತು ಅದಕ್ಕೆ ಹನ್ನೆರಡು ಫಲಕ ಅಥವಾ ಐದು ಸುರುಳಿ ಫಿಲ್ಮು, ಒಂದು ಚಿಕ್ಕ ಚಲನಚಿತ್ರ ಕ್ಯಾಮೆರಾ ಮತ್ತು ಎರಡು ಸುರುಳಿ, ಒಂದು ದುರ್ಬೀನು, ಒಂದು ಗ್ರಾಮಫೋನು ಮತ್ತು ಹತ್ತು ತಟ್ಟೆಗಳು, ಒಂದು ಧ್ವನಿಮುದ್ರಣ ಯಂತ್ರ, ಒಂದು ರೇಡಿಯೋ, ಒಂದು ಬೆರಳಚ್ಚು ಯಂತ್ರ: ಹೀಗೆ ಆ ಪಟ್ಟಿ ಸಾಗುತ್ತದೆ. ವಸ್ತುವು ಪ್ರವಾಸಿಯ ಮೈಮೇಲೋ ಜೊತೆಯ ಸಾಮಾನಿನಲ್ಲಿಯೋ ಇರಬೇಕು, ದುರುಪಯೋಗದ ಶಂಕೆಗೆ ಕಾರಣವಿರಬಾರದು, ಹಿಂದಿರುಗುವಾಗ ವಸ್ತುವೂ ಹಿಂದಿರುಗಬೇಕು ಎಂಬುವು ಷರತ್ತುಗಳು.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣವಾದ ಶಬ್ದ ‘ಒಂದು’ ಎಂಬುದು. ಮನುಷ್ಯನಿಗೆ ಎರಡು ಕಿವಿ ಇದ್ದರೂ ಕೇಳುವುದಕ್ಕೆ ಒಂದು ರೇಡಿಯೋ ಸಾಕು. ಎರಡನೆಯದು ಇದ್ದರೆ ಅದು ಮಾರಾಟಕ್ಕೆಂದೇ ಇರಬೇಕು. ಇದು ಆ ಪಟ್ಟಿಯ ಅಂತರಂಗದ ತರ್ಕ. ವಸ್ತುವಿನ ಸ್ವರೂಪವನ್ನು ಪರೀಕ್ಷಿಸುವ ಬದಲು ಸಂಖ್ಯೆಯನ್ನು ಎಣಿಸಿ ತೀರ್ಮಾನಿಸುವ ಈ ಉಪಾಯ ಅಧಿಕಾರಿಗೂ ಪ್ರಯಾಣಿಕನಿಗೂ ಅನುಕೂಲವಾದುದು. ಅದರ ದೋಷವೆಂದರೆ ಪಟ್ಟಿಯು ಬರೆದ ದಿನಕ್ಕೇ ಹಳತಾಗತೊಡಗುತ್ತದೆ. ಗ್ರಾಮಫೋನು ಹೋಯಿತು, ಬೆರಳಚ್ಚು ಯಂತ್ರ ಹೋಯಿತು. ಆ ಪಟ್ಟಿಯ ಹೆಚ್ಚಿನ ಉಪಕರಣಗಳ ಕೆಲಸವನ್ನು ಇಂದು ಒಂದೇ ಮೊಬೈಲು ಮಾಡುತ್ತದೆ.

ಭಾರತಕ್ಕೆ ಬರುತ್ತಿದ್ದ ಪ್ರವಾಸಿಗಳ ಬೆಲೆಬಾಳುವ ಕ್ಯಾಮೆರಾ, ಧ್ವನಿಮುದ್ರಣ ಯಂತ್ರಗಳನ್ನು ‘ಮರುರಫ್ತು ಪತ್ರ’ವೆಂಬ ನಮೂನೆಯಲ್ಲಿ ನಮೂದಿಸಿ, ಅವರು ಹೊರಡುವಾಗ ಸರಿನೋಡುವ ಪದ್ಧತಿ ಬಹುಕಾಲ ರೂಢಿಯಲ್ಲಿದ್ದಿತು. ಇದಕ್ಕೆ ಪ್ರತಿಯಾಗಿ, ಇಲ್ಲಿಂದ ಹೊರಡುವ ಭಾರತೀಯನು ತನ್ನ ಬೆಲೆಬಾಳುವ ವಸ್ತುಗಳಿಗೆ ಮುಂಚಿತವಾಗಿಯೇ ಸುಂಕಾಧಿಕಾರಿಯಿಂದ ‘ರಫ್ತು ಪ್ರಮಾಣಪತ್ರ’ವನ್ನು ಪಡೆಯುವ ಅನುಕೂಲವೂ ಇದೆ. ಹಿಂದಿರುಗುವಾಗ ಆ ಪತ್ರವನ್ನು ತೋರಿಸಿದರೆ ವಸ್ತುವು ಇಲ್ಲಿಂದಲೇ ಹೋದುದೆಂಬುದು ಸಿದ್ಧವಾಗುತ್ತದೆ.

5. ಹೆಬ್ಬಾಗಿಲು ಮುಚ್ಚಿದ ಕಾಲ

ಎರಡನೆಯ ಪಂಚವಾರ್ಷಿಕ ಯೋಜನೆಯ ಆರಂಭದಲ್ಲಿಯೇ, ಅಂದರೆ 1957ರ ಸುಮಾರಿಗೆ, ಭಾರತಕ್ಕೆ ವಿದೇಶಿ ವಿನಿಮಯದ ತೀವ್ರ ಮುಗ್ಗಟ್ಟು ಒದಗಿತು. ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಸಂಗ್ರಹವಾಗಿದ್ದ ಸ್ಟರ್ಲಿಂಗ್ ನಿಧಿ ಯಂತ್ರಸಾಮಗ್ರಿಗಳ ಆಮದಿನಿಂದಾಗಿ ಕರಗಿಹೋಯಿತು. ಸರ್ಕಾರವು ಆಮದಿನ ಲೈಸೆನ್ಸುಗಳನ್ನು ಬಿಗಿಗೊಳಿಸಿತು. ಜನರು ನಿತ್ಯ ಬಳಸುವ ಸಿದ್ಧವಸ್ತುಗಳನ್ನು ವ್ಯಾಪಾರಕ್ಕಾಗಿ ತರಿಸುವುದು ಬಹುಮಟ್ಟಿಗೆ ನಿಂತೇಹೋಯಿತು. ಈ ವಸ್ತುಗಳ ಮೇಲಿನ ಪರಿಮಾಣ ನಿರ್ಬಂಧಗಳ ಕೊನೆಯ ಕಂತು ತೆರವಾದುದು 2001ರ ಏಪ್ರಿಲ್ 1ರಂದು.

ಇದಕ್ಕೆ ಇನ್ನೊಂದು ಮುಖವೂ ಇದೆ. ನಾಡಿನಲ್ಲಿಯೇ ಈ ವಸ್ತುಗಳನ್ನು ತಯಾರಿಸಬೇಕೆಂಬ ಹಂಬಲದಿಂದ ಹುಟ್ಟಿದ ಕಾರ್ಖಾನೆಗಳಲ್ಲಿ ಪ್ರಮುಖವಾದುವು ಬೆಂಗಳೂರಿನವು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ಕವಾಟಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತು. ಇವುಗಳಿಗೆ ರಕ್ಷಣೆ ಬೇಕಾಗಿದ್ದಿತೆಂಬುದನ್ನು ಒಪ್ಪಬೇಕು. ದಿಡ್ಡಿಬಾಗಿಲಿನಲ್ಲಿ ಕಾವಲು ಬಿಗಿಯಾದುದು ಕೇವಲ ಅಧಿಕಾರಿಗಳ ಹಟದಿಂದಲ್ಲ.

ಆದರೆ ಹೆಬ್ಬಾಗಿಲು ಮುಚ್ಚಿದ ಮೇಲೆ ದಿಡ್ಡಿಬಾಗಿಲಿನಲ್ಲಿ ನೂಕುನುಗ್ಗಲು ಸಹಜ. ಸಾಮಾನ್ಯ ಮನುಷ್ಯನಿಗೆ ವಿದೇಶದ ರೇಡಿಯೋವಾಗಲಿ ಟೇಪ್ ರೆಕಾರ್ಡರ್ ಆಗಲಿ ನ್ಯಾಯವಾಗಿ ದೊರೆಯಬೇಕಾದರೆ ಹೊರದೇಶದಿಂದ ಬರುವವನೊಬ್ಬನ ಪೆಟ್ಟಿಗೆಯೇ ಮುಖ್ಯವಾದ ಮಾರ್ಗವಾಯಿತು. 1973ರಲ್ಲಿ ತೈಲದ ಬೆಲೆ ಏರಿದ ತರುವಾಯ ಕೊಲ್ಲಿಯ ದೇಶಗಳಲ್ಲಿ ದುಡಿಮೆಗೆ ಅವಕಾಶ ಹೆಚ್ಚಿ, ಕೇರಳದಿಂದಲೂ ನಮ್ಮ ಮಂಗಳೂರು, ಉಡುಪಿ, ಭಟ್ಕಳಗಳ ಸೀಮೆಯಿಂದಲೂ ಜನ ಅತ್ತ ಹೋದರು. ಅವರಲ್ಲಿ ಬಹುಮಂದಿಗೆ ಬೊಂಬಾಯಿಯೇ ದಾರಿ. ಬೊಂಬಾಯಿಗೂ ಕೊಲ್ಲಿಗೂ ನಡುವೆ ‘ದ್ವಾರಕಾ’ ಎಂಬ ಹಡಗು 1982ರವರೆಗೂ ಪ್ರಯಾಣಿಕರನ್ನು ಹೊತ್ತು ಸಂಚರಿಸುತ್ತಿದ್ದಿತು. ಮಂಗಳೂರಿನ ಬಜಪೆಯಲ್ಲಿ 1951ರಿಂದಲೇ ವಿಮಾನನಿಲ್ದಾಣವಿದ್ದರೂ ಅಲ್ಲಿಂದ ದುಬೈಗೆ ನೇರ ವಿಮಾನ ಹೊರಟುದು 2006ರಲ್ಲಿ.

ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಕೂಲಿಯವನ ಪೆಟ್ಟಿಗೆಯಲ್ಲಿ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದಾಗಿ ಸೇರಿದ ‘ಟೂ-ಇನ್-ಒನ್’ ಇರುತ್ತಿದ್ದಿತು. ಅದು ಅವನ ಸ್ವಂತದ ವಸ್ತುವೆ? ಉಡುಗೊರೆಯೆ? ಅಥವಾ ಸರಕೆ? ಅದನ್ನು ಮನೆಯಲ್ಲಿ ಇಟ್ಟುಕೊಂಡು ದೂರದ ಮಗನ ಧ್ವನಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿದರೆ ಸ್ವಂತದ ವಸ್ತು. ತಂಗಿಯ ಗಂಡನಿಗೆ ಕೊಟ್ಟರೆ ಉಡುಗೊರೆ. ಕಷ್ಟ ಬಂದಾಗ ಮಾರಿದರೆ ಸರಕು. ಒಂದೇ ವಸ್ತು ಒಂದೇ ಮನೆಯಲ್ಲಿ ಮೂರೂ ಆಗಬಹುದಾಗಿದ್ದಿತು. ಕೌಟಿಲ್ಯನು ವಿನಾಯಿತಿ ಕೊಟ್ಟ ವಿವಾಹದ ಕಾಣಿಕೆಯೂ ಆಧುನಿಕ ಕಾನೂನು ಸಂಶಯಪಟ್ಟ ಸರಕೂ ಇಲ್ಲಿ ಒಂದೇ ಡಬ್ಬಿಯಲ್ಲಿ ಅಡಗಿದ್ದುವು.

ರೇಡಿಯೋದ ವಿಷಯದಲ್ಲಿ ಸುಂಕ ಕೊಟ್ಟರೂ ಕೆಲಸ ಮುಗಿಯುತ್ತಿರಲಿಲ್ಲ. 1933ರ ಭಾರತೀಯ ನಿಸ್ತಂತು ತಂತಿ ಅಧಿನಿಯಮದ ಪ್ರಕಾರ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದಕ್ಕೇ ಲೈಸೆನ್ಸು ಬೇಕಾಗಿದ್ದಿತು. ಅಂಚೆಯ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ನವೀಕರಿಸುತ್ತಿದ್ದ ಆ ಚಿಕ್ಕ ಪುಸ್ತಕಗಳು ಅನೇಕ ಮನೆಗಳಲ್ಲಿ ಇನ್ನೂ ಸಿಕ್ಕುವುದುಂಟು. ರೇಡಿಯೋದ ಈ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು. ಆದರೆ ಕೆಲವು ಉಪಕರಣಗಳ ಪ್ರಶ್ನೆ ಸುಂಕದ್ದಲ್ಲ, ಅನುಮತಿಯದು ಎಂಬ ತತ್ತ್ವ ಉಳಿದುಕೊಂಡಿತು. ಉಪಗ್ರಹ ದೂರವಾಣಿಯನ್ನು ಅನುಮತಿಯಿಲ್ಲದೆ ತಂದ ವಿದೇಶೀಯರು ನಮ್ಮ ವಿಮಾನನಿಲ್ದಾಣಗಳಲ್ಲಿ ಬಂಧನಕ್ಕೊಳಗಾದುದುಂಟು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು, ಕೆಲವು ಅಪವಾದಗಳನ್ನುಳಿದು, ನಿಷೇಧಿಸಲಾಯಿತು.

6. ಬೆಲೆಯ ಅಳತೆಗೋಲು

1991ರ ಆರ್ಥಿಕ ಸುಧಾರಣೆಗಳ ತರುವಾಯ ಹೆಬ್ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಸುಂಕದ ದರಗಳು ಇಳಿದುವು. ಪ್ರಯಾಣಿಕರ ಸಾಮಾನನ್ನು ಕುರಿತು 1978ರಲ್ಲಿ ಪ್ರತ್ಯೇಕ ಪ್ರತ್ಯೇಕವಾಗಿದ್ದ ನಿಯಮಗಳನ್ನು ಪರಿಷ್ಕರಿಸಿ 1994ರಲ್ಲಿಯೂ 1998ರಲ್ಲಿಯೂ ಹೊಸ ನಿಯಮಗಳನ್ನು ಮಾಡಲಾಯಿತು. ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದಕ್ಕಿಂತ ಒಟ್ಟು ಬೆಲೆಗೆ ಒಂದು ಮಿತಿಯನ್ನು ಹಾಕುವುದೇ ಪ್ರಧಾನವಾಯಿತು. ಈ ಮಿತಿ 2012ರಲ್ಲಿ 25,000 ರೂಪಾಯಿಗಳಿಂದ 35,000ಕ್ಕೂ, 2014ರಲ್ಲಿ 45,000ಕ್ಕೂ ಏರಿತು. 2016ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಅದು 50,000 ರೂಪಾಯಿಗಳಾಯಿತು. ವಿದೇಶಿ ಮೂಲದ ಪ್ರವಾಸಿಗೆ ಆ ನಿಯಮಗಳು ಇಟ್ಟ ಮಿತಿ 15,000 ರೂಪಾಯಿ. ಹೊರದೇಶದಲ್ಲಿ ದುಡಿದು ಮರಳುವವನಿಗೆ, ಅವನು ಅಲ್ಲಿದ್ದ ಅವಧಿಯನ್ನು ನೋಡಿ, ಮನೆಬಳಕೆಯ ಸಾಮಾನಿಗೆ 60,000ದಿಂದ 5 ಲಕ್ಷ ರೂಪಾಯಿಗಳವರೆಗೆ ವಿನಾಯಿತಿಯನ್ನು ಅವು ಗೊತ್ತುಪಡಿಸಿದುವು.

ಬೆಲೆಯ ಅಳತೆಗೋಲು ಎಲ್ಲ ವಸ್ತುಗಳಿಗೂ ಸಮಾನವಾಗಿ ಅನ್ವಯಿಸುವಂಥದು. ಆದುದರಿಂದ ನ್ಯಾಯವಾದುದೆಂದು ತೋರುತ್ತದೆ. ಆದರೂ ಪಟ್ಟಿಯನ್ನು ಬಿಟ್ಟು ಬಾಳುವುದು ರಾಜ್ಯಕ್ಕೆ ಸಾಧ್ಯವಾಗಲಿಲ್ಲ. ಇದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು ಲ್ಯಾಪ್‌ಟಾಪಿನದು. ಸುಂಕದ ದರಪಟ್ಟಿಯಲ್ಲಿ ಪ್ರಯಾಣಿಕನ ಸಾಮಾನಿಗೆ 9803 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಪೆಟ್ಟಿಗೆಯಲ್ಲಿ ಬಂದ ಸುಂಕಾರ್ಹ ವಸ್ತು ಸಾಮಾನ್ಯವಾಗಿ, ಅದು ಏನೇ ಆಗಿರಲಿ, ಈ ಶೀರ್ಷಿಕೆಯ ಒಂದೇ ದರಕ್ಕೆ ಒಳಪಡುತ್ತದೆ. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ 1997ರಲ್ಲಿ ಸೇರಿದ ಭಾರತವು, ವ್ಯಾಪಾರದ ಸರಕಾಗಿ ಬರುವ ಕಂಪ್ಯೂಟರುಗಳ ಮೇಲಿನ ಮೂಲಸುಂಕವನ್ನು ಹಂತಹಂತವಾಗಿ ತೆಗೆದುಹಾಕಲು ಒಪ್ಪಿತು. ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ವರ್ತಕನು ನೂರು ಕಂಪ್ಯೂಟರು ತಂದರೆ ಮೂಲಸುಂಕವಿಲ್ಲ. ಅಧ್ಯಾಪಕನು ತನ್ನ ಕೆಲಸಕ್ಕೆಂದು ಒಂದನ್ನು ಚೀಲದಲ್ಲಿ ತಂದರೆ ಸಾಮಾನಿನ ಭಾರಿ ದರ. ಸ್ವಂತದ ವಸ್ತುವಿಗೆ ರಿಯಾಯಿತಿ ತೋರಿಸಲೆಂದು ತೆರೆದ ಬಾಗಿಲೇ ದುಬಾರಿಯ ಬಾಗಿಲಾಗುವ ಹಾಗಾಯಿತು. 2004ರ ಜನವರಿಯಲ್ಲಿ ಸರ್ಕಾರವು, 18 ವರ್ಷ ತುಂಬಿದ ಪ್ರಯಾಣಿಕನು ಸಾಮಾನಿನಲ್ಲಿ ತರುವ ಒಂದು ಲ್ಯಾಪ್‌ಟಾಪಿಗೆ ಪೂರ್ಣ ವಿನಾಯಿತಿಯನ್ನು ಕೊಟ್ಟು ಈ ವೈಪರೀತ್ಯವನ್ನು ಸರಿಪಡಿಸಿತು. ಮತ್ತೆ ‘ಒಂದು’ ಎಂಬ ಹಳೆಯ ಶಬ್ದವೇ ಇಲ್ಲಿ ಮರಳಿ ಬಂದುದನ್ನು ಗಮನಿಸಬೇಕು.

ಎರಡನೆಯದು ದೂರದರ್ಶನದ ಯಂತ್ರದ್ದು. ಚಪ್ಪಟೆ ಪರದೆಯ ಟಿ.ವಿ.ಗಳ ಬೆಲೆ ಹೊರದೇಶಗಳಲ್ಲಿ ಇಳಿದಾಗ ಪ್ರಯಾಣಿಕರು ಅವನ್ನು ಸಾಮಾನಿನೊಡನೆ ತರತೊಡಗಿದರು. 2013ರಲ್ಲಿ ರೂಪಾಯಿಯ ಬೆಲೆ ಕುಸಿಯುತ್ತಿದ್ದ ದಿನಗಳಲ್ಲಿ, ಆಗಸ್ಟ್ 26ರಿಂದ, ಈ ಟಿ.ವಿ.ಗಳನ್ನು ವಿನಾಯಿತಿಯಿಂದ ಹೊರಗಿಟ್ಟು ಶೇಕಡಾ 35ರ ಸುಂಕಕ್ಕೆ ಒಳಪಡಿಸಲಾಯಿತು. ಶಿಕ್ಷಣ ಸೆಸ್ ಸೇರಿ ಅದು ಶೇಕಡಾ 36.05 ಆಯಿತು. 1957ರಂತೆಯೇ 2013ರಲ್ಲಿಯೂ ವಿನಿಮಯದ ಬಿಕ್ಕಟ್ಟು ಬಂದಾಗ ರಾಜ್ಯದ ಕಣ್ಣು ಪ್ರಯಾಣಿಕನ ಪೆಟ್ಟಿಗೆಯ ಮೇಲೆ ಬಿದ್ದಿತೆಂಬುದು ಚರಿತ್ರೆಯ ವಿದ್ಯಾರ್ಥಿಗೆ ಬೋಧಪ್ರದ. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಉಂಟು. 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪುಗಳ ಆಮದಿಗೆ ಲೈಸೆನ್ಸು ಬೇಕೆಂಬ ಪ್ರಕಟಣೆ ಹೊರಟಾಗ, ಪ್ರಯಾಣಿಕರ ಸಾಮಾನಿನ ನಿಯಮಗಳಂತೆ ತರುವುದಕ್ಕೆ ಆ ನಿರ್ಬಂಧ ಅನ್ವಯಿಸದೆಂದು ಅದರಲ್ಲಿಯೇ ಹೇಳಲಾಗಿದ್ದಿತು. ಹೆಬ್ಬಾಗಿಲನ್ನು ಓರೆಮಾಡುವಾಗ ದಿಡ್ಡಿಬಾಗಿಲನ್ನು ತೆರೆದೇ ಇಡಬೇಕೆಂಬ ವಿವೇಕ ಆ ವೇಳೆಗೆ ಬಂದಿದ್ದಿತು.

7. ರುಜುವಾತಿನ ಹೊಣೆ

ಬಳಕೆ, ಪಟ್ಟಿ, ಬೆಲೆ ಈ ಮೂರರಲ್ಲಿ ಯಾವುದನ್ನು ಹಿಡಿದರೂ ಕೊನೆಗೆ ಉಳಿಯುವ ಪ್ರಶ್ನೆ ಒಂದು: ರುಜುವಾತು ಮಾಡಬೇಕಾದವರು ಯಾರು? ಸಾಮಾನ್ಯ ನ್ಯಾಯದಲ್ಲಿ ಆಪಾದನೆ ಮಾಡಿದವನೇ ಅದನ್ನು ಸಾಧಿಸಬೇಕು. 1955ರಲ್ಲಿ ಸಮುದ್ರ ಸುಂಕ ಅಧಿನಿಯಮಕ್ಕೆ ಸೇರಿಸಿದ 178-ಎ ಪ್ರಕರಣವು ಕೆಲವು ವಸ್ತುಗಳ ವಿಷಯದಲ್ಲಿ ಇದನ್ನು ತಿರುಗಿಸಿತು. ಅಂಥ ವಸ್ತುವನ್ನು ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ವಶಪಡಿಸಿಕೊಂಡರೆ, ಅದು ಅಂಥದಲ್ಲವೆಂದು ತೋರಿಸುವ ಹೊಣೆ ವಸ್ತುವನ್ನು ಇಟ್ಟುಕೊಂಡವನದು. ಸುಪ್ರೀಂ ಕೋರ್ಟು 1961ರಲ್ಲಿ ಈ ಪ್ರಕರಣವನ್ನು ಸಿಂಧುವೆಂದು ಎತ್ತಿಹಿಡಿಯಿತು. 1962ರ ಅಧಿನಿಯಮದ 123ನೆಯ ಪ್ರಕರಣವಾಗಿ ಅದು ಮುಂದುವರಿಯಿತು. ಚಿನ್ನ ಮತ್ತು ಕೈಗಡಿಯಾರಗಳನ್ನು ಆ ಪ್ರಕರಣವು ಹೆಸರಿಸಿಯೇ ಹೇಳುತ್ತದೆ. ಬೇರೆ ವಸ್ತುಗಳನ್ನು ಪ್ರಕಟಣೆಯ ಮೂಲಕ ಸೇರಿಸುವ ಅಧಿಕಾರ ಸರ್ಕಾರಕ್ಕಿದೆ.

ಈ ಪ್ರಕರಣವು ಎಲ್ಲ ವಸ್ತುಗಳಿಗೂ ಅನ್ವಯಿಸುವುದಿಲ್ಲ ಎಂಬುದು ನಿಜ. ಆದರೆ ಸುಂಕದ ಮೇಜಿನ ಮುಂದೆ ನಿಂತ ಪ್ರಯಾಣಿಕನ ಅನುಭವದಲ್ಲಿ ಹೊಣೆ ಯಾವಾಗಲೂ ಅವನದೇ. ಬಿಲ್ಲನ್ನು ಜೋಪಾನ ಮಾಡಿದವನು, ರಫ್ತು ಪ್ರಮಾಣಪತ್ರದ ವಿಷಯ ತಿಳಿದವನು, ಅಧಿಕಾರಿಯ ಭಾಷೆಯಲ್ಲಿ ಮಾತನಾಡಬಲ್ಲವನು ಬೇಗ ಪಾರಾಗುತ್ತಾನೆ. ಓದುಬರೆಹವಿಲ್ಲದ ಕೂಲಿಗಾರನು, ತನ್ನ ವಸ್ತು ತನ್ನದೇ ಆಗಿದ್ದರೂ, ತಡವರಿಸುತ್ತಾನೆ. ನಿಯಮವು ಎಲ್ಲರಿಗೂ ಒಂದೇ ಆದರೂ ಪುರಾವೆಯನ್ನು ಒದಗಿಸುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ. ಸುಂಕದ ಚರಿತ್ರೆಯನ್ನು ದರಪಟ್ಟಿಗಳಿಂದ ಮಾತ್ರ ಬರೆದಾಗ ಈ ಅಸಮಾನತೆ ಮರೆಯಾಗಿಬಿಡುತ್ತದೆ.

ಇತ್ತೀಚೆಗೆ ಈ ಪ್ರಶ್ನೆಗೆ ಹೊಸದೊಂದು ಆಯಾಮ ಬಂದಿದೆ. ಹಿಂದಿನ ಕಾಲದಲ್ಲಿ ಅಧಿಕಾರಿ ರೇಡಿಯೋವನ್ನು ನೋಡುತ್ತಿದ್ದನು. ಅದರೊಳಗಿನ ಹಾಡನ್ನು ಕೇಳುತ್ತಿರಲಿಲ್ಲ. ಇಂದಿನ ಮೊಬೈಲಿನೊಳಗೆ ಪತ್ರಗಳು, ಚಿತ್ರಗಳು, ಲೆಕ್ಕಗಳು, ರೋಗದ ವಿವರಗಳು ಎಲ್ಲವೂ ಇವೆ. ಅಮೆರಿಕದ ಗಡಿಸುಂಕದ ಇಲಾಖೆಯು 2018ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಉಪಕರಣಗಳ ಸಾಧಾರಣ ಶೋಧನೆ ಮತ್ತು ವಿಶೇಷ ಶೋಧನೆ ಎಂಬ ಎರಡು ಬಗೆಗಳನ್ನು ಗುರುತಿಸಿತು. ಅದೇ ವರ್ಷ ನ್ಯೂಜಿಲೆಂಡಿನ ಹೊಸ ಸುಂಕ ಕಾನೂನು, ಉಪಕರಣವನ್ನು ತೆರೆಯುವ ಸಂಕೇತಪದವನ್ನು ಕೊಡಲು ನಿರಾಕರಿಸುವ ಪ್ರಯಾಣಿಕನಿಗೆ 5,000 ಡಾಲರುಗಳವರೆಗೆ ದಂಡವನ್ನು ವಿಧಿಸಲು ಅವಕಾಶ ಕೊಟ್ಟಿತು. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಸುಂಕದ ಅಧಿಕಾರವು ಪೆಟ್ಟಿಗೆಯ ಬೀಗವನ್ನು ತೆರೆಯಬಲ್ಲುದು. ಅದು ಮನುಷ್ಯನ ಅಂತರಂಗದ ಬೀಗವನ್ನು ಎಷ್ಟರ ಮಟ್ಟಿಗೆ ತೆರೆಯಬಹುದೆಂಬುದು ಮುಂದಿನ ಪೀಳಿಗೆಯು ವಿಚಾರಮಾಡಬೇಕಾದ ವಿಷಯ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಪ್ರಯಾಣಿಕನ ಪೆಟ್ಟಿಗೆಗೆ ಪ್ರಾಮುಖ್ಯ ಬರುವುದು ಅದರೊಳಗಿನ ವಸ್ತುವಿನಿಂದಷ್ಟೇ ಅಲ್ಲ, ಹೆಬ್ಬಾಗಿಲಿನ ಸ್ಥಿತಿಯಿಂದ. ವ್ಯಾಪಾರದ ದಾರಿ ತೆರೆದಿದ್ದಾಗ ಒಂದು ರೇಡಿಯೋ ಬರಿಯ ರೇಡಿಯೋ; ಮುಚ್ಚಿದಾಗ ಅದೇ ಸಂಶಯಾಸ್ಪದವಾದ ಸರಕು. ಎರಡನೆಯದಾಗಿ, ಸ್ವಂತದ ವಸ್ತುವಿಗೂ ಸರಕಿಗೂ ನಡುವಣ ಗೆರೆಯು ವಸ್ತುವಿನಲ್ಲಿಲ್ಲ. ಅದು ವಸ್ತುವಿಗೂ ಮನುಷ್ಯನಿಗೂ ಇರುವ ಸಂಬಂಧದಲ್ಲಿದೆ. ಸಂಬಂಧವನ್ನು ಅಳೆಯುವ ಕೋಲು ಯಾವ ಸುಂಕದ ಕಟ್ಟೆಯಲ್ಲಿಯೂ ಇಲ್ಲ. ಆದುದರಿಂದಲೇ ರಾಜ್ಯವು ಬಳಕೆಯನ್ನೂ ಸಂಖ್ಯೆಯನ್ನೂ ಬೆಲೆಯನ್ನೂ ಅಳೆದು ಅದಕ್ಕೆ ಸಮೀಪವಾದ ಉತ್ತರವನ್ನು ಕಂಡುಕೊಳ್ಳಬೇಕಾಗಿದೆ.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಚರಿತ್ರೆಯ ಆಕರಗಳು ದೆಹಲಿಯ ದಫ್ತರಗಳಲ್ಲಿ ಮಾತ್ರವಿಲ್ಲ. ಕರಾವಳಿಯ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳ ತಳದಲ್ಲಿ, ವಿದೇಶಿ ವಿನಿಮಯದ ನಮೂದುಗಳುಳ್ಳ ಹಳೆಯ ಪಾಸ್‌ಪೋರ್ಟುಗಳಿವೆ. ಸುಂಕ ಕಟ್ಟಿದ ರಸೀದಿಗಳಿವೆ. ರೇಡಿಯೋ ಲೈಸೆನ್ಸಿನ ಪುಸ್ತಕಗಳಿವೆ. ದೂರದಿಂದ ಬಂದ ಧ್ವನಿಯುಳ್ಳ ಕ್ಯಾಸೆಟ್ಟುಗಳಿವೆ. ಕ್ಯಾಸೆಟ್ಟಿನ ಪಟ್ಟಿ ವರ್ಷಗಳುರುಳಿದಂತೆ ಹಾಳಾಗುತ್ತದೆ. ಅದನ್ನು ತಂದವರಿಗೂ ವಯಸ್ಸಾಗಿದೆ. ಅವರು ಏನನ್ನು ತಂದರು, ಗಡಿಯಲ್ಲಿ ಏನೆಂದು ಹೇಳಿದರು, ಏನನ್ನು ಬಿಟ್ಟುಬಂದರು ಎಂಬುದನ್ನು ಮನೆಯವರ ಒಪ್ಪಿಗೆ ಪಡೆದು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ಕೈಗೊಳ್ಳಬೇಕು. ಶಾಸನದ ಕಲ್ಲುಗಳು ಇನ್ನೂ ನೂರು ವರ್ಷ ಕಾಯಬಲ್ಲವು. ಈ ಆಕರಗಳು ಕಾಯಲಾರವು.